ನಳದಿಂದ ಗಟಾರದವರೆಗೆ: ನಮ್ಮ ಮನೆಯ ನೀರಿನ ವಿಜ್ಞಾನ



ಒಂದು ಬೇಸಿಗೆ ಸೂಟಿಯಲ್ಲಿ ನಾವು ಮನೆಮಂದಿಯೆಲ್ಲ ಬೀಗರ ಊರಿಗೆ ಹೋಗಿದ್ದೆವು. ಇಪ್ಪತ್ತು ದಿನ ಬಿಟ್ಟು ಮೈಂದರ್ಗಿಗೆ ತಿರುಗಿ ಬಂದು ಬಾಗಿಲ ಕೀಲಿ ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. “ಎಲ್ಲ್ಯೋ ಇಲಿ ಸತ್ತದ ನೋಡು” ಅಂದರು ನಮ್ಮ ಅವ್ವ. ಜೋಳದ ಚೀಲ ಸರಿಸಿದೆವು, ಕಪಾಟು ಎಳೆದೆವು, ಅಟ್ಟ ಹತ್ತಿ ನೋಡಿದೆವು. ಇಲಿಯೂ ಇಲ್ಲ, ಹಲ್ಲಿಯೂ ಇಲ್ಲ. ಸಂಜೆಗೆ ನಮ್ಮ ಓಣಿಯಲ್ಲಿ ನಳದ ಕೆಲಸ ಮಾಡುವ ಕಾಕಾ ಒಬ್ಬರು ಬಂದರು. ಬಚ್ಚಲ ಮನೆಯ ಜಾಳಿಗೆ ಎತ್ತಿ ಒಂದು ಸಲ ಒಳಗೆ ಇಣುಕಿದರು, ಅಷ್ಟೆ.

“ಇಲಿ ಪಿಲಿ ಏನೂ ಇಲ್ಲರಿ ಸರ. ನಿಮ್ಮ ಬಚ್ಚಲ ಒಣಗ್ಯಾದ. ಒಂದು ತಂಬಗಿ ನೀರ ಹಾಕ್ರಿ” ಅಂದರು.

ಹಾಕಿದೆವು. ಅರ್ಧ ತಾಸಿನಲ್ಲಿ ವಾಸನೆ ಹೋಯಿತು. ಬಿಎಸ್‌ಸಿ, ಬಿಎಡ್ ಮಾಡಿ ವರ್ಷವರ್ಷ ನಿಮಗೆ ಒತ್ತಡ, ಆವಿಯಾಗುವಿಕೆ ಅಂತ ಪಾಠ ಹೇಳುವ ನನಗೆ ಹೊಳೆಯದ ಮಾತು ಆ ಕಾಕಾಗೆ ಒಂದು ನೋಟಕ್ಕೆ ಹೊಳೆದಿತ್ತು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಅವತ್ತಿನಿಂದ ಮನೆಯ ನಳ, ಪೈಪು, ಗಟಾರಗಳನ್ನು ವಿಜ್ಞಾನದ ಪುಸ್ತಕದ ಹಾಗೆ ಓದತೊಡಗಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ. ಇದರಲ್ಲಿ ಪರೀಕ್ಷೆಗೆ ಬರುವ ಮಾತೂ ಇದೆ, ಜೀವ ಉಳಿಸುವ ಮಾತೂ ಇದೆ.

ಬರುವ ನೀರು, ಹೋಗುವ ನೀರು

ಪ್ರತಿ ಮನೆಯಲ್ಲಿ ನೀರಿಗೆ ಎರಡು ದಾರಿ. ಒಂದು ಬರುವ ದಾರಿ, ಇನ್ನೊಂದು ಹೋಗುವ ದಾರಿ. ಬರುವ ನೀರು ಒತ್ತಡದಿಂದ ಬರುತ್ತದೆ. ಅದಕ್ಕೇ ನಳದ ನೀರು ಪೈಪಿನಲ್ಲಿ ಮೇಲಕ್ಕೂ ಹತ್ತುತ್ತದೆ. ಹೋಗುವ ನೀರಿನ ಹಿಂದೆ ಯಾರ ಒತ್ತಡವೂ ಇಲ್ಲ. ಅದು ಗುರುತ್ವದ ಮೇಲೆ ನಂಬಿಕೆ ಇಟ್ಟು ಇಳಿಜಾರಿನಲ್ಲಿ ಹರಿಯುತ್ತದೆ. ಬರುವ ದಾರಿ ಕೆಟ್ಟರೆ ಸೋರುತ್ತದೆ, ಹೋಗುವ ದಾರಿ ಕೆಟ್ಟರೆ ಕಟ್ಟುತ್ತದೆ. ಈ ಎರಡು ದಾರಿ ಎಲ್ಲಿಯೂ ಕೂಡಬಾರದು. ಕೂಡಿದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ನೋಡೋಣ.

ಒತ್ತಡ ಎಷ್ಟು ಅಂತ ನೀವೇ ಲೆಕ್ಕ ಮಾಡಬಹುದು. ಒತ್ತಡ ಅಂದರೆ ಎತ್ತರ ಗುಣಿಸು ಸಾಂದ್ರತೆ ಗುಣಿಸು ಗುರುತ್ವ ವೇಗೋತ್ಕರ್ಷ. ಮಾಳಿಗೆ ಮೇಲಿನ ಟಾಕಿಯ ನೀರು ನಿಮ್ಮ ನಳಕ್ಕಿಂತ 3 ಮೀಟರ್ ಮೇಲೆ ಇದ್ದರೆ 3 × 1000 × 9.8 = 29,400 ಪಾಸ್ಕಲ್. ಸುಮಾರು 10 ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರದಷ್ಟು ಒತ್ತುತ್ತದೆ. ಇಲ್ಲಿ ಟಾಕಿ ದೊಡ್ಡದೋ ಸಣ್ಣದೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಎತ್ತರ ಮಾತ್ರ ಬರುತ್ತದೆ. “ನಮ್ಮ ಮಾಳಿಗೆ ಮೇಲಿನ ಬಚ್ಚಲದಾಗ ನೀರು ಸಣ್ಣ ಬರ್ತದ, ಕೆಳಗ ಜೋರು ಬರ್ತದ, ಯಾಕ್ರಿ ಸರ?” ಅಂತ ಒಬ್ಬ ಹುಡುಗ ಕೇಳಿದ್ದ. ಉತ್ತರ ಈಗ ನಿಮಗೆ ಗೊತ್ತಾಗಿರಬೇಕು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಸೋಲಾಪುರದಿಂದ ಸುಮಾರು 100 ಕಿಲೋಮೀಟರ್ ದೂರದ ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಾಲಾಬ್ ಕಟ್ಟಿದರು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಮಣ್ಣಿನ ಕೊಳವೆ ಹೆಚ್ಚು ಒತ್ತಡ ತಡೆಯುವುದಿಲ್ಲ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎನ್ನುವ ಎತ್ತರದ ನೀರಿನ ಗೋಪುರ ಕಟ್ಟಿದರು. ನೀರು ಗೋಪುರದೊಳಗೆ ಏರಿ ಒತ್ತಡ ಇಳಿಸಿಕೊಂಡು ಮುಂದೆ ಹೋಗುತ್ತಿತ್ತು. ಅದರ ಜೊತೆ ಬಂದ ಮಣ್ಣು, ಕಸ ತಳದಲ್ಲಿ ಕೂಡುತ್ತಿತ್ತು. ಶಾಲೆಯಿಂದ ಗೋಳಗುಮ್ಮಟಕ್ಕೆ ಸಹಲ್ ಹೋದಾಗ ಆ ಗಂಜ್‌ಗಳನ್ನೂ ತೋರಿಸಲು ನಿಮ್ಮ ಗುರುಗಳಿಗೆ ಹೇಳಿರಿ.

ನಳ ಯಾಕೆ ಸೋರುತ್ತದೆ?

ತಿರುಗಿಸುವ ಹಳೆ ನಳದೊಳಗೆ ಒಂದು ಸಣ್ಣ ರಬ್ಬರಿನ ಬಿಲ್ಲೆ ಇರುತ್ತದೆ. ಅದೇ ವಾಷರ್, ನಮ್ಮ ಅಂಗಡಿಗಳಲ್ಲಿ ‘ವೈಸರ್’ ಅಂತಾರೆ. ನಳ ಬಂದ್ ಮಾಡಿದಾಗ ಈ ಬಿಲ್ಲೆ ನೀರಿನ ಬಾಯಿಯ ಮೇಲೆ ಒತ್ತಿ ಕೂಡುತ್ತದೆ. ವರ್ಷಗಟ್ಟಲೆ ಒತ್ತಿ ಒತ್ತಿ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಹನಿ ನಿಲ್ಲುವುದಿಲ್ಲ. ನಾವು ಇನ್ನೂ ಜೋರು ತಿರುಗಿಸುತ್ತೇವೆ, ಆಗ ವಾಷರ್ ಕೆಳಗಿನ ಹಿತ್ತಾಳೆಯ ಕೂರುಜಾಗವೂ ಸವೆಯುತ್ತದೆ. ಎರಡು-ಐದು ರೂಪಾಯಿ ಬಿಲ್ಲೆಯ ಕೆಲಸ ಹೊಸ ನಳದ ಖರ್ಚಿಗೆ ಹೋಗುತ್ತದೆ.

ಒಂದು ಹನಿಯಿಂದ ಏನಾದೀತು ಅನ್ನಬೇಡಿರಿ. ಸೆಕೆಂಡಿಗೆ ಒಂದು ಹನಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 24 × 60 × 60 = 86,400 ಹನಿ. ಸುಮಾರು 20 ಹನಿಗೆ 1 ಮಿಲಿಲೀಟರ್. ಅಂದರೆ ದಿನಕ್ಕೆ 4,320 ಮಿಲಿಲೀಟರ್, ಸುಮಾರು 4.3 ಲೀಟರ್. ತಿಂಗಳಿಗೆ ಸುಮಾರು 130 ಲೀಟರ್. 15 ಲೀಟರಿನ ಕೊಡದ ಲೆಕ್ಕದಲ್ಲಿ ಎಂಟು ಕೊಡಕ್ಕೂ ಹೆಚ್ಚು. ನಳ ಬರುವ ದಿನ ಕಾಯ್ದು ಕೊಡ ತುಂಬುವ ನಮ್ಮ ತಾಯಂದಿರಿಗೆ ಎಂಟು ಕೊಡ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ವಾಷರ್ ಬದಲಿಸುವುದು ಮನೆಯಲ್ಲಿ ದೊಡ್ಡವರ ಜೊತೆ ಕೂಡಿ ಕಲಿಯಬಹುದಾದ ಕೆಲಸ. ಮೊದಲು ಟಾಕಿಯಿಂದ ಬರುವ ವಾಲ್ವ್ ಬಂದ್ ಮಾಡಬೇಕು, ಆಮೇಲೆ ನಳ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಬೇಕು, ಆಮೇಲೆಯೇ ಪಾನಾ ಹಚ್ಚಬೇಕು. ಮೊದಲ ಹೆಜ್ಜೆ ಮರೆತವರು ಮೈತುಂಬ ನೀರು ಹಾಕಿಸಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ನಿಮ್ಮ ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿ ಇಟ್ಟುಕೊಳ್ಳಿರಿ. ರಾತ್ರಿ ಪೈಪು ಒಡೆದಾಗ ಹುಡುಕುತ್ತ ಕೂಡಬಾರದು.

ಮತ್ತೆ ಆ ಬಿಳಿ ತೆಳು ಟೇಪು? ಅದು ಟೆಫ್ಲಾನ್. ಪೈಪಿನ ಗೀರುಗಳ ನಡುವೆ ಉಳಿಯುವ ಸಂದುಗಳನ್ನು ಅದು ತುಂಬುತ್ತದೆ. ಅದಕ್ಕೆ ಅಂಟು ಇಲ್ಲ. ಗೀರು ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ಹಾಲಿನಂಥ ನೀರು ಮತ್ತು ಗುಡುಗುವ ಪೈಪು

ನಾಲ್ಕು ದಿನ ಬಿಟ್ಟು ನಳ ಬಂದಾಗ ನೀರು ಹಾಲಿನಂತೆ ಬೆಳ್ಳಗೆ ಕಾಣುವುದುಂಟು. ಒಂದು ಗಾಜಿನ ಗ್ಲಾಸಿನಲ್ಲಿ ಹಿಡಿದು ಇಡಿರಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ. ಖಾಲಿ ಪೈಪಿನಲ್ಲಿದ್ದ ಗಾಳಿ ಒತ್ತಡಕ್ಕೆ ಸಣ್ಣ ಗುಳ್ಳೆಯಾಗಿ ನೀರಿನಲ್ಲಿ ಬೆರೆತು ಬಂದಿರುತ್ತದೆ. ಮೇಲಿನಿಂದ ತಿಳಿಯಾಗಿ ತಳದಲ್ಲಿ ರಾಡಿ ಕೂತರೆ ಅದು ಮಣ್ಣು. ಎಲ್ಲಿಯೋ ಪೈಪು ಒಡೆದಿರಬಹುದು, ಆ ನೀರನ್ನು ನಂಬಬೇಡಿರಿ.

ಟಾಕಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಕೆಲವು ಸಲ ನಳದಲ್ಲಿ ನೀರೇ ಬರುವುದಿಲ್ಲ. ಪೈಪಿನ ಎತ್ತರದ ತಿರುವಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಟಾಕಿಯ ಒತ್ತಡ ಕಡಿಮೆ ಇದ್ದರೆ ಆ ಗಾಳಿಯ ಗಡ್ಡೆಯನ್ನು ತಳ್ಳಲು ಆಗುವುದಿಲ್ಲ. ಎಲ್ಲ ನಳ ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಬಹಳ ಸಲ ಸರಿಹೋಗುತ್ತದೆ.

ಜೋರು ಹರಿಯುವ ನಳವನ್ನು ತಟಕ್ಕನೆ ಬಂದ್ ಮಾಡಿದರೆ ಪೈಪು ‘ಧಡ್’ ಅನ್ನುವುದು ಯಾಕೆ? ಹರಿಯುವ ನೀರಿಗೆ ಸಂವೇಗ ಇದೆ. ಓಡುವ ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಬೀಳುವಂತೆ ನೀರೂ ಬಾಗಿಲಿಗೆ ಬಂದು ಬಡಿಯುತ್ತದೆ. ಇದನ್ನು ‘ನೀರಿನ ಸುತ್ತಿಗೆ’ ಅಂತಾರೆ. ದಿನಾ ಬಡಿದರೆ ಜೋಡಣೆ ಸಡಿಲಾಗುತ್ತದೆ. ಮೆಲ್ಲಗೆ ಬಂದ್ ಮಾಡುವುದೇ ಔಷಧ.

ಗಡಸು ನೀರಿನ ಬಿಳಿ ಪದರು

ನಮ್ಮ ಸೀಮೆ ಕರಿಕಲ್ಲಿನ ಸೀಮೆ. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಕಾಯಿಸಿದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟು, ನೀರು, ಕಾರ್ಬನ್ ಡೈಆಕ್ಸೈಡು ಆಗುತ್ತದೆ. ಆ ಕಾರ್ಬೊನೇಟೇ ಹಂಡೆಯ ಒಳಗೆ, ಸೋಲಾರಿನ ಪೈಪಿನೊಳಗೆ, ಶಾವರಿನ ತೂತುಗಳಲ್ಲಿ ಕೂಡುವ ಬಿಳಿ ಪದರು. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 600ರವರೆಗೆ ನಡೆಯುತ್ತದೆ.

ಶಾವರ್ ಕಟ್ಟಿದರೆ ಸೂಜಿ ಹಾಕಿ ಚುಚ್ಚಬೇಡಿರಿ. ಬಿಚ್ಚಿ ಒಂದು ರಾತ್ರಿ ಲಿಂಬಿ ರಸ ಅಥವಾ ವಿನೆಗರ್‌ನಲ್ಲಿ ನೆನೆ ಇಡಿರಿ. ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ. ಏಳುವ ಗುಳ್ಳೆ ಕಾರ್ಬನ್ ಡೈಆಕ್ಸೈಡಿನದು. ಆಮ್ಲಗಳ ಪಾಠದ ಪ್ರಯೋಗವೇ ಇದು.

ಸಿಂಕು, ಬಚ್ಚಲ ಯಾಕೆ ಕಟ್ಟುತ್ತದೆ?

ಹಬ್ಬದ ಮರುದಿನ ಪ್ಲಂಬರನಿಗೆ ಕೆಲಸ ಹೆಚ್ಚು. ಹೋಳಿಗೆ, ತುಪ್ಪ, ಡಾಲ್ಡಾ, ಶೇಂಗಾ ಎಣ್ಣೆಯ ಜಿಡ್ಡಿನ ಪಾತ್ರೆಗಳನ್ನು ಬಿಸಿನೀರು ಹಾಕಿ ತೊಳೆಯುತ್ತೇವೆ. ಸಿಂಕಿನಲ್ಲಿ ಜಿಡ್ಡು ಕರಗಿ ಹೋದಂತೆ ಕಾಣುತ್ತದೆ. ನಾಲ್ಕು ಅಡಿ ಮುಂದೆ ಪೈಪು ತಣ್ಣಗಿರುತ್ತದೆ, ಅಲ್ಲಿ ತುಪ್ಪ, ಡಾಲ್ಡಾ ಮತ್ತೆ ಗಟ್ಟಿಯಾಗುತ್ತವೆ. ಅದರ ಮೇಲೆ ಅನ್ನದ ಅಗಳು, ಚಹಾಪುಡಿ, ಪಾತ್ರೆ ತಿಕ್ಕಿದ ಬೂದಿ ಅಂಟುತ್ತವೆ. ಬಚ್ಚಲದಲ್ಲಿ ಕೂದಲು ಜಾಳಿಗೆ ಹೆಣೆದಂತೆ ಹೆಣೆದುಕೊಳ್ಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಕೂಡಿ ನೀರಿನಲ್ಲಿ ಕರಗದ ಕೆನೆ ಆಗುತ್ತದೆ. ಆ ಕೆನೆ ಕೂದಲಿಗೆ ಮೆತ್ತಿಕೊಂಡು ಗಚ್ಚಿನಂತೆ ಗಟ್ಟಿಯಾಗುತ್ತದೆ.

ತೆರೆಯಲು ಮೊದಲ ಆಯುಧ ರಬ್ಬರಿನ ಪಂಪು, ಅಂದರೆ ಕೋಲಿಗೆ ಬಟ್ಟಲು ಹಚ್ಚಿದ್ದು. ಇದರಲ್ಲಿ ಇರುವುದು ಪಾಸ್ಕಲನ ನಿಯಮ: ಮುಚ್ಚಿದ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ‘ಮುಚ್ಚಿದ’ ಅನ್ನುವ ಶಬ್ದ ಗಮನಿಸಿರಿ. ಬಟ್ಟಲು ಮುಳುಗುವಷ್ಟು ನೀರು ಇರಬೇಕು, ಬೇಸಿನ್ನಿನ ಮೇಲಿನ ತೂತಿಗೆ ಒದ್ದೆ ಬಟ್ಟೆ ತುರುಕಬೇಕು. ಇಲ್ಲದಿದ್ದರೆ ಒತ್ತಡ ಅಲ್ಲಿಂದ ಹೊರಗೆ ಹೋಗುತ್ತದೆ. ಒತ್ತುವುದರಷ್ಟೇ ಮೇಲಕ್ಕೆ ಎಳೆಯುವುದೂ ಮುಖ್ಯ. ಹಿಂದೆಮುಂದೆ ಅಲುಗಾಡಿದರೆ ಗಡ್ಡೆ ಸಡಿಲಾಗುತ್ತದೆ.

ಮೊಬೈಲಿನಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್ ಹಾಕುವ ವಿಡಿಯೋ ನೀವು ನೋಡಿರಬಹುದು. ನೊರೆ ಬಹಳ ಬರುತ್ತದೆ, ಕೆಲಸ ಕಡಿಮೆ. ಒಂದು ಪ್ರತ್ಯಾಮ್ಲ, ಒಂದು ಆಮ್ಲ ಕೂಡಿ ಒಂದನ್ನೊಂದು ತಟಸ್ಥ ಮಾಡಿಕೊಳ್ಳುತ್ತವೆ. ಉಳಿಯುವುದು ಲವಣದ ನೀರು, ಅದು ಜಿಡ್ಡನ್ನು ಕರಗಿಸುವುದಿಲ್ಲ. ಅಂಗಡಿಯ ಡ್ರೈನ್ ಪುಡಿಯಲ್ಲಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸಾಬೂನಾಗಿ ಬದಲಿಸುತ್ತದೆ, ನೀರು ಕೂಡಿದಾಗ ಬಹಳ ಬಿಸಿಯಾಗುತ್ತದೆ. ಚರ್ಮ, ಕಣ್ಣು ಸುಡುತ್ತದೆ. ಮಕ್ಕಳು ಅದನ್ನು ಮುಟ್ಟಬಾರದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಪಾಯಖಾನೆ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಕೂಡಿಸಬೇಡಿರಿ. ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವೇ ಅದು. ಬಾಗಿಲು ಹಾಕಿದ ಸಣ್ಣ ಬಚ್ಚಲ ಮನೆಯಲ್ಲಿ ಸ್ವಲ್ಪವೇ ಎದ್ದರೂ ಉಸಿರು ಕಟ್ಟುತ್ತದೆ. ಪೈಪಿಗೆ ಏನಾದರೂ ರಾಸಾಯನಿಕ ಹಾಕಿದ್ದರೆ ಪ್ಲಂಬರ್ ಬಂದ ಕೂಡಲೇ ಮೊದಲು ಅದನ್ನು ಹೇಳಿರಿ. ಅವರು ಪೈಪು ಬಿಚ್ಚಿದಾಗ ಅದು ಅವರ ಮುಖದ ಮೇಲೆ ಸಿಡಿಯಬಾರದು.

ಒಂದು ತಂಬಗಿ ನೀರಿನ ಗುಟ್ಟು

ಈಗ ನಮ್ಮ ಮನೆಯ ವಾಸನೆಗೆ ಬರೋಣ. ಸಿಂಕಿನ ಕೆಳಗೆ ಪೈಪು ಸೊಟ್ಟಾಗಿ ಬಾಗಿರುವುದನ್ನು ನೋಡಿದ್ದೀರಲ್ಲ? ಬಚ್ಚಲ ನೆಲದ ಜಾಳಿಗೆ ಕೆಳಗೂ ಅಂಥದೇ ಒಂದು ಬಟ್ಟಲು ಇರುತ್ತದೆ. ಮಿಸ್ತ್ರಿಗಳು ಅದನ್ನು ನಹಾನಿ ಟ್ರ್ಯಾಪ್ ಅಂತಾರೆ. ನೀರು ಹರಿದು ಹೋದ ಮೇಲೂ ಆ ಬಾಗಿನಲ್ಲಿ ಸುಮಾರು 5 ಸೆಂಟಿಮೀಟರ್ ನೀರು ನಿಂತೇ ಇರುತ್ತದೆ. ಈ ನಿಂತ ನೀರೇ ಬಾಗಿಲು. ನೀರು ಆ ಕಡೆ ಹೋಗುತ್ತದೆ, ಗಟಾರದ ಗಾಳಿ, ಜೊಂಡಿಗ ಈ ಕಡೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎನ್ನುವ ಗಡಿಯಾರ ಮಾಡುವವನು 1775ರಲ್ಲಿ ಪಾಯಖಾನೆಗೆ ಇಂಥ ಸೊಟ್ಟ ಪೈಪು ಹಚ್ಚಿ ಪೇಟೆಂಟ್ ಪಡೆದ. ಅದಕ್ಕಿಂತ ಒಳ್ಳೆಯ, ಅದಕ್ಕಿಂತ ಅಗ್ಗದ ಬಾಗಿಲು ಇಂದಿಗೂ ಸಿಕ್ಕಿಲ್ಲ.

ಈ ಬಾಗಿಲು ಮೂರು ರೀತಿಯಲ್ಲಿ ತೆರೆದುಕೊಳ್ಳುತ್ತದೆ. ಒಂದು, ಆವಿಯಾಗುವುದು. ಮೇ ತಿಂಗಳ ನಮ್ಮ ಬಿಸಿಲಿಗೆ ಬಳಸದ ಬಚ್ಚಲದ ನೀರು ಒಣಗಿ ಹೋಗುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಎರಡು, ಕೇಶಾಕರ್ಷಣೆ. ಕೂದಲಿನ ಗೊಂಚಲೋ ನೂಲೋ ಬಾಗಿನ ಅಂಚಿನ ಮೇಲೆ ನೇತಾಡುತ್ತಿದ್ದರೆ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಅದು ನೀರನ್ನು ಹನಿಹನಿಯಾಗಿ ಆ ಕಡೆ ಇಳಿಸುತ್ತದೆ. ಮೂರು, ಸೈಫನ್. ಒಂದು ಬಕೆಟ್ ನೀರು ಒಮ್ಮೆಲೇ ಸುರಿದಾಗ ಪೈಪು ತುಂಬಿ ಹರಿದು, ಹಿಂದಿನ ಗಾಳಿಯ ಒತ್ತಡ ಇಳಿದು, ಬಾಗಿನ ನೀರೂ ಅದರ ಜೊತೆ ಹೋಗುತ್ತದೆ. ಸಿಂಕು ಖಾಲಿಯಾಗುವಾಗ ‘ಗುಳುಗುಳು’ ಸಪ್ಪಳ ಬಂದರೆ ಇದೇ ಕಾರಣ ಇರಬಹುದು. ಇದಕ್ಕೇ ಮಾಳಿಗೆಯ ಮೇಲೆ ಒಂದು ಗಾಳಿ ಪೈಪು ಬಿಟ್ಟಿರುತ್ತಾರೆ. ಅದು ಯಾಕೆ ಇದೆ ಅಂತ ತಿಳಿಯದೆ ಕಲ್ಲು ಇಟ್ಟು ಮುಚ್ಚುವ ಮನೆಗಳಿವೆ. ಮುಚ್ಚಬಾರದು. ಸೊಳ್ಳೆಗೆ ಜಾಳಿಗೆ ಕಟ್ಟಿದರೆ ಸಾಕು.

ಇಳಿಜಾರು ಮತ್ತು ಎರಿ ಮಣ್ಣು

ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಕಟ್ಟುತ್ತಿದ್ದರೆ ತಪ್ಪು ನಿಮ್ಮ ಪಾತ್ರೆಯದಲ್ಲ, ಪೈಪಿನ ಇಳಿಜಾರಿನದು. ನಾಲ್ಕು ಇಂಚಿನ ಪೈಪಿಗೆ ಸುಮಾರು 60 ಅಡಿಗೆ 1 ಅಡಿ, ಅಂದರೆ 10 ಅಡಿಗೆ 2 ಇಂಚು ಇಳಿಜಾರು ಬೇಕು. ಕಡಿಮೆ ಆದರೆ ಕಸ ಕೂಡುತ್ತದೆ. ಬಹಳ ಹೆಚ್ಚಾದರೂ ತೊಂದರೆ: ನೀರು ಓಡಿ ಹೋಗುತ್ತದೆ, ಗಟ್ಟಿ ಕಸ ಹಿಂದೆ ಉಳಿಯುತ್ತದೆ.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಹುಗಿದ ಪೈಪು ವರ್ಷಕ್ಕೊಮ್ಮೆ ಎತ್ತಿ ಇಳಿಸಿದಂತಾಗುತ್ತದೆ. ಜೋಡಣೆ ಬಿಡುತ್ತದೆ, ಇಳಿಜಾರು ಕೆಡುತ್ತದೆ. ತಿಳಿದ ಕೆಲಸಗಾರ ಪೈಪಿನ ಕೆಳಗೂ ಸುತ್ತಲೂ ಮರಳು ಅಥವಾ ಮುರುಮ್ ಹಾಕಿ ಹಾಸಿಗೆ ಮಾಡುತ್ತಾನೆ. “ಇದೆಲ್ಲ ಯಾಕ, ಸುಮ್ಮನ ಖರ್ಚು” ಅಂತ ಮನೆಯವರು ಅಂದರೆ ನೀವು ಅವರಿಗೆ ಈ ವಿಜ್ಞಾನ ಹೇಳಿರಿ.

ಎರಡು ದಾರಿ ಕೂಡಿದಾಗ

ಈಗ ಮುಖ್ಯ ಮಾತು. ನಮ್ಮ ಓಣಿಗಳಲ್ಲಿ ಕುಡಿಯುವ ನೀರಿನ ಪೈಪು ಎಷ್ಟೋ ಕಡೆ ಗಟಾರದ ಪಕ್ಕದಲ್ಲಿ, ಕೆಲವು ಕಡೆ ಗಟಾರದೊಳಗಿಂದಲೇ ಹೋಗುತ್ತದೆ. ನೀರು ಒತ್ತಡದಿಂದ ಬರುವಾಗ ಪೈಪಿನಲ್ಲಿ ಸಣ್ಣ ತೂತಿದ್ದರೆ ಒಳಗಿನ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತ ಮೇಲೆ? ಪೈಪು ಖಾಲಿಯಾಗುತ್ತದೆ, ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಇಳಿಯಬಹುದು. ಆಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಹೋಗುತ್ತದೆ. ದಿನಕ್ಕೆ 24 ತಾಸು ನೀರು ಬರುವ ಊರಿಗಿಂತ ದಿನ ಬಿಟ್ಟು ದಿನ ಬರುವ ಊರಿಗೆ ಈ ಅಪಾಯ ಹೆಚ್ಚು.

ನಳದ ಪೈಪಿಗೆ ನೇರವಾಗಿ ಮೋಟರ್ ಹಚ್ಚುವವರು ಇದನ್ನು ಇನ್ನೂ ಕೆಡಿಸುತ್ತಾರೆ. “ಮೋಟರ್ ನೀರು ಎಳೀತದ” ಅಂತ ನಾವು ಅಂತೀವಿ. ನಿಜವಾಗಿ ಮೋಟರ್ ಪೈಪಿನೊಳಗೆ ಒತ್ತಡ ಇಳಿಸುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಸ್ಟ್ರಾ ಹಾಕಿ ಶರಬತ್ತು ಕುಡಿದ ಹಾಗೆ. ಸ್ಟ್ರಾದಲ್ಲಿ ತೂತಿದ್ದರೆ ಗಾಳಿ ಬರುತ್ತದೆ, ಪೈಪಿನಲ್ಲಿ ತೂತಿದ್ದರೆ ಗಟಾರ ಬರುತ್ತದೆ. ಒಂದು ಮನೆಯ ಮೋಟರ್, ಇಡೀ ಓಣಿಗೆ ವಾಂತಿಭೇದಿ. ಕಾಲರಾ, ಟೈಫಾಯ್ಡ್, ಕಾಮಣಿ ಹರಡುವ ದಾರಿಗಳಲ್ಲಿ ಇದೂ ಒಂದು. ಮೊದಲು ನೀರನ್ನು ತನ್ನಷ್ಟಕ್ಕೆ ನೆಲದ ಹೌದಿಗೆ ಬಿಟ್ಟುಕೊಂಡು, ಆಮೇಲೆ ಹೌದಿನಿಂದ ಟಾಕಿಗೆ ಮೋಟರಿನಿಂದ ಏರಿಸಿದರೆ ಈ ದೋಷ ಇಲ್ಲ.

ನೀವು ಮಾಡಬಹುದಾದದ್ದು ಇಷ್ಟು. ನಳ ಬಂದ ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿರಿ, ಅಂಗಳಕ್ಕೆ, ಗಿಡಕ್ಕೆ ಹಾಕಿರಿ. ಬಣ್ಣ, ವಾಸನೆ ಬದಲಾಗಿದ್ದರೆ ಆ ದಿನ ಕುಡಿಯುವ ನೀರನ್ನು ಕುದಿಸಿರಿ. ದೊಡ್ಡ ಗುಳ್ಳೆ ಎದ್ದ ಮೇಲೆ ಒಂದು ನಿಮಿಷ ಕುದಿಯಬೇಕು. ಹಾಗೆಯೇ ನಗರ ಪರಿಷತ್ತಿಗೆ ತಿಳಿಸಿರಿ, ನೆರೆಮನೆಗೂ ಹೇಳಿರಿ. ನಳದ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸಬೇಡಿರಿ. ಮಾನಕದ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕಡಿಮೆಯೆಂದರೂ 0.2 ಮಿಲಿಗ್ರಾಂ ಉಳಿದಿರಬೇಕು. ದಾರಿಯಲ್ಲಿ ಸೇರಿಕೊಳ್ಳುವ ರೋಗಾಣುಗಳಿಗೆ ಅದೇ ಕಾವಲು.

ಇಳಿಯಬಾರದ ಗುಂಡಿ

ಸೆಪ್ಟಿಕ್ ಟ್ಯಾಂಕ್ ತುಂಬಿದಾಗ “ಸ್ವಲ್ಪ ಇಳಿದು ನೋಡು” ಅಂತ ಯಾರಿಗೂ ಹೇಳಬಾರದು, ಯಾರೂ ಇಳಿಯಬಾರದು. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ಮಲವನ್ನು ಕೊಳೆಸಿದಾಗ ಮೀಥೇನ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂಡುತ್ತದೆ. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ವಾಸನೆ. ಹೆಚ್ಚು ಇದ್ದಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. “ವಾಸನಿ ಇಲ್ಲ, ಇಳೀಬಹುದು” ಅಂದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ತಮ್ಮ, ನೆರೆಯವನು, ಅವರೂ ಬರುವುದಿಲ್ಲ. ಕಂದೀಲು ಇಳಿಸಿ ನೋಡುವುದೂ ಸರಿಯಾದ ಪರೀಕ್ಷೆ ಅಲ್ಲ. ದೀಪ ಉರಿಯುತ್ತಿದ್ದರೂ ಆ ವಿಷ ಇರಬಹುದು, ಮೀಥೇನ್ ಇದ್ದರೆ ಸ್ಫೋಟವೂ ಆಗಬಹುದು.

2013ರ ಕೇಂದ್ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗಟಾರಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಇಳಿಸಿದವರಿಗೆ ಜೈಲು ಶಿಕ್ಷೆ ಇದೆ. ಹೀರುವ ಯಂತ್ರದ ಗಾಡಿ ಕರೆಯಿಸಬೇಕು. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯದೆ, 112ಕ್ಕೆ ಫೋನ್ ಮಾಡಿ, ಮಂದಿಯನ್ನು ಕೂಗಿ ಕರೆಯಿರಿ. ಜನ ಅದನ್ನು ಹೇಡಿತನ ಅಂದರೂ ಅನ್ನಲಿ. ಎರಡನೆಯ ಜೀವವನ್ನು ಉಳಿಸುವ ಬುದ್ಧಿ ಅದು.

ಪ್ಲಂಬರನನ್ನು ಯಾವಾಗ ಕರೆಯಬೇಕು?

ವಾಷರ್, ಜಾಳಿಗೆ, ಶಾವರ್, ರಬ್ಬರ್ ಪಂಪು ಮನೆಯವರ ಕೆಲಸ. ಒಂದೇ ಸಮಯಕ್ಕೆ ಎರಡು ಮೂರು ಕಡೆ ನೀರು ನಿಂತರೆ, ಪಾಯಖಾನೆಯ ನೀರು ಬಚ್ಚಲದಲ್ಲಿ ಮೇಲೆ ಬಂದರೆ, ಗೋಡೆಯಲ್ಲಿ ತೇವ ಹಬ್ಬುತ್ತಿದ್ದರೆ, ಎಲ್ಲ ನಳ ಬಂದ್ ಇದ್ದರೂ ಟಾಕಿ ಇಳಿಯುತ್ತಿದ್ದರೆ ಕೆಲಸ ಗೊತ್ತಿದ್ದವರನ್ನು ಕರೆಯಿರಿ. ಅವರು ಮೊದಲು ಚೇಂಬರಿನ ಮುಚ್ಚಳ ತೆಗೆದು ನೋಡುತ್ತಾರೆ. ಚೇಂಬರ್ ತುಂಬಿದ್ದರೆ ತೊಂದರೆ ಹೊರಗಿನ ಪೈಪಿನಲ್ಲಿ, ಖಾಲಿ ಇದ್ದರೆ ಮನೆಯೊಳಗೆ. ಒಂದು ವೀಕ್ಷಣೆಯಿಂದ ಅರ್ಧ ಮನೆ ಬಿಟ್ಟು ಅರ್ಧದಲ್ಲಿ ಹುಡುಕುವ ಈ ರೀತಿಯೇ ವಿಜ್ಞಾನದ ರೀತಿ.

ಪ್ಲಂಬರ್ ಅನ್ನುವ ಶಬ್ದ ಬಂದದ್ದು ಸೀಸಕ್ಕೆ ಲ್ಯಾಟಿನ್‌ನಲ್ಲಿರುವ ‘ಪ್ಲಂಬಮ್’ ಎಂಬ ಹೆಸರಿನಿಂದ. ರೋಮನ್ನರು ಸೀಸದ ಪೈಪಿನಲ್ಲಿ ನೀರು ತರುತ್ತಿದ್ದರು. ಆವರ್ತ ಕೋಷ್ಟಕದಲ್ಲಿ ಸೀಸದ ಸಂಕೇತ ‘ಪಿಬಿ’ ಆದದ್ದೂ ಅದರಿಂದಲೇ. ಇಂದು ಐಟಿಐಯಲ್ಲಿ ಪ್ಲಂಬರ್ ಒಂದು ವರ್ಷದ ಟ್ರೇಡು. ನಿಮ್ಮಲ್ಲಿ ಯಾರಿಗಾದರೂ ಕೈಕೆಲಸದ ಒಲವಿದ್ದರೆ ಇದನ್ನು ಕಡಿಮೆ ಕೆಲಸ ಅಂತ ತಿಳಿಯಬೇಡಿರಿ. ಊರಿನ ಆರೋಗ್ಯ ಡಾಕ್ಟರರ ಕೈಯಲ್ಲಿ ಎಷ್ಟಿದೆಯೋ ನಳ, ಗಟಾರ ಬೇರೆಬೇರೆ ಇಡುವವರ ಕೈಯಲ್ಲೂ ಅಷ್ಟೇ ಇದೆ.

ಮಾಡಿ ನೋಡಿ

1. ರಾತ್ರಿ ಎಲ್ಲ ನಳ ಬಂದ್ ಮಾಡಿ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿರಿ. ಮುಂಜಾನೆ ನೋಡಿರಿ. ಇಳಿದಿದ್ದರೆ ಎಷ್ಟು ಲೀಟರ್ ಸೋರಿದೆ, ಲೆಕ್ಕ ಮಾಡಿರಿ. (ಮಾಳಿಗೆ ಹತ್ತುವಾಗ ದೊಡ್ಡವರು ಜೊತೆಗಿರಲಿ.)

2. ಪಾಯಖಾನೆಯ ಫ್ಲಶ್ ಟಾಕಿಯಲ್ಲಿ ಬಟ್ಟೆಗೆ ಹಾಕುವ ನೀಲ ನಾಲ್ಕು ಹನಿ ಹಾಕಿರಿ. ಅರ್ಧ ತಾಸು ಫ್ಲಶ್ ಮಾಡದೆ ಬಿಡಿರಿ. ಕೆಳಗೆ ನೀಲಿ ನೀರು ಕಂಡರೆ ವಾಲ್ವ್ ಸೋರುತ್ತಿದೆ.

3. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಬಾಗಿಸಿ ಸ್ವಲ್ಪ ನೀರು ಹಾಕಿರಿ. ಒಂದು ತುದಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಇನ್ನೊಂದು ತುದಿಗೆ ಬರುತ್ತದೆಯೇ? ನಂತರ ನೀರು ಮುಟ್ಟುವಂತೆ ಒಂದು ಹತ್ತಿಯ ದಾರವನ್ನು ಅಂಚಿನ ಮೇಲಿಂದ ಹೊರಗೆ ಇಳಿಬಿಟ್ಟು ಮರುದಿನ ನೋಡಿರಿ.

4. ನಿಮ್ಮ ಓಣಿಯಲ್ಲಿ ನಳದ ಪೈಪು ಎಲ್ಲೆಲ್ಲಿ ಗಟಾರ ದಾಟುತ್ತದೆ? ಒಂದು ನಕಾಶೆ ತೆಗೆದು ಶಾಲೆಗೆ ತನ್ನಿರಿ. ಎಲ್ಲರ ನಕಾಶೆ ಕೂಡಿಸಿದರೆ ಊರಿನ ನಕಾಶೆಯಾಗುತ್ತದೆ. ಅದನ್ನು ಮುಖ್ಯಗುರುಗಳ ಸಹಿಯೊಂದಿಗೆ ನಗರ ಪರಿಷತ್ತಿಗೆ ಕೊಡಬಹುದು.

ದೀಪಾವಳಿ ಸೂಟಿಗೆ ಊರಿಗೆ ಹೋಗುವ ಮುಂಚೆ ಬಚ್ಚಲಕ್ಕೆ ಒಂದು ತಂಬಗಿ ನೀರು ಹಾಕುವುದನ್ನು ಮರೆಯಬೇಡಿರಿ. ಅದರ ಮೇಲೆ ನಾಲ್ಕು ಹನಿ ಅಡುಗೆ ಎಣ್ಣೆ ಬಿಟ್ಟರೆ ನೀರು ಇನ್ನೂ ನಿಧಾನವಾಗಿ ಒಣಗುತ್ತದೆ. ಯಾಕೆ ಅಂತ ನೀವೇ ಯೋಚಿಸಿ, ನಿಮ್ಮ ವಿಜ್ಞಾನದ ಗುರುಗಳಿಗೆ ಹೇಳಿರಿ.